ಮಗ್ಗಕ್ಕೆ ಕಟ್ಟಿದ ಜೋಲಿ

ಸಹಸ್ರ ಹುಟ್ಟಿದ ಮೇಲೆ ಪುಟ್ಟಪಾಕದ ಆ ನೇಕಾರರ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುವುದನ್ನು ಕಲಿತರು. ಬೀದಿಯ ಈ ತುದಿಯಲ್ಲಿ ಕೂತು ಆ ತುದಿಯ ಕೋಳಿಯನ್ನು ಬೈದು ಓಡಿಸುವ ಅಂಡಾಲಮ್ಮ ಕೂಡ ಮೊಮ್ಮಗಳು ಕಣ್ಣು ಮುಚ್ಚಿದೊಡನೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಾಡುತ್ತಿದ್ದಳು. ಅವಳ ಮಗ ಭಿಕ್ಷಪತಿ ಸೈಕಲ್ಲನ್ನು ಅಂಗಳದ ಆಚೆಯೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬರುತ್ತಿದ್ದ. ಹಾಲಿನವನಿಗೂ ಬಾಗಿಲು ಬಡಿಯಬಾರದೆಂದು ತಾಕೀತಾಗಿತ್ತು. "ಮೆಲ್ಲಗೆ, ಮಗು ಮಲಗಿದೆ" ಎಂಬ ಮಾತು ಆ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾಗುತ್ತಿತ್ತು.

ತಮಾಷೆಯೆಂದರೆ ಮಗುವಿಗೆ ಇವರ ಯಾವ ಮೆಲುದನಿಯೂ ಬೇಕಿರಲಿಲ್ಲ. ಅದು ಮಲಗುತ್ತಿದ್ದದ್ದೇ ಮಗ್ಗದ ಸದ್ದಿನಲ್ಲಿ. ಸದ್ದು ನಿಂತರೆ ಏಳುತ್ತಿತ್ತು.

ಅದಕ್ಕೆ ಕಾರಣ ಅಂಡಾಲಮ್ಮನ ಹಗ್ಗ. ಬಾಣಂತನ ಮುಗಿಸಿ ಸ್ವರೂಪ ತವರಿನಿಂದ ಗಂಡನ ಮನೆಗೆ ಬಂದ ವಾರದಲ್ಲೇ ಅತ್ತೆ ಮಗ್ಗದ ಪಕ್ಕದ ತೊಲೆಗೆ ತನ್ನ ಹಳೆಯ ಸೀರೆಯ ಜೋಲಿ ಕಟ್ಟಿದಳು. ಜೋಲಿಯ ಮಗ್ಗುಲಿಗೆ ಒಂದು ನೂಲಿನ ಹಗ್ಗ ಹಾಕಿ, ಅದರ ಇನ್ನೊಂದು ತುದಿಯನ್ನು ಮಗ್ಗದ ಕೆಳಗೆ ಕಾಲಿಡಲು ತೋಡಿದ ಗುಂಡಿಯೊಳಗೆ ಇಳಿಬಿಟ್ಟು, ಬಲಗಾಲಲ್ಲಿ ತುಳಿಯುವ ಹಲಗೆಗೆ ಗಂಟು ಹಾಕಿದಳು. ಸೊಸೆ ಗುಂಡಿಯ ಅಂಚಿನಲ್ಲಿ ಕೂತು ಬಲಗಾಲು ಒತ್ತಿದರೆ ಜೋಲಿ ಇತ್ತ ಬರುತ್ತಿತ್ತು, ಎಡಗಾಲು ಒತ್ತಿದರೆ ಅತ್ತ ಹೋಗುತ್ತಿತ್ತು. ನಡುವೆ ಲಾಳಿ ಟಕ್ಕೆಂದು ಓಡುತ್ತಿತ್ತು, ನೂಲನ್ನು ಒತ್ತುವ ಹಣಿಗೆ ಢಬ್ಬೆಂದು ಬಡಿಯುತ್ತಿತ್ತು. ಮಗು ಒಂದೆರಡು ಸಲ ಕಣ್ಣು ಪಿಳುಕಿಸಿ, ಬಾಯಿ ಅರ್ಧ ತೆರೆದು, ನಿದ್ದೆಹೋಯಿತು.

"ನೋಡಿದ್ಯಾ?" ಅಂಡಾಲಮ್ಮ ಸೊಂಟದ ಮೇಲೆ ಕೈ ಇಟ್ಟಳು. "ನನ್ನ ಮಕ್ಕಳನ್ನೆಲ್ಲ ಹೀಗೇ ಮಲಗಿಸಿದ್ದು. ನಿನ್ನ ಗಂಡ ಅಂತೂ ಈ ಹಗ್ಗದ ತುದೀಲೇ ಬೆಳೆದ. ಕೈಗೆ ಸೀರೆ, ಕಾಲಿಗೆ ಮಗು. ಇನ್ನೇನು ಬೇಕೇ ಹುಡುಗಿ ನಿಂಗೆ?"

ಆಗ ಸ್ವರೂಪಳಿಗೂ ಅದು ಸರಿಯೆನಿಸಿತ್ತು. ಇನ್ನೇನು ಬೇಕು ಎಂಬುದು ತಿಳಿಯಲು ಅವಳಿಗೆ ಒಂದು ತಿಂಗಳು ಹಿಡಿಯಿತು. ಅವಳಿಗೆ ನಿದ್ದೆ ಬೇಕಿತ್ತು.

ಲೋಕದಲ್ಲಿ ಮಗು ಮಲಗಿದಾಗ ತಾಯಿ ಮಲಗುತ್ತಾಳೆ. ತವರಿನಲ್ಲಿ ಅವಳ ಅಮ್ಮ ಹಾಗೆಂದೇ ಹೇಳಿ ಕಳಿಸಿದ್ದಳು, ಮಗುವಿನ ಜೊತೆಗೆ ನೀನೂ ಅಡ್ಡಾಗು ಅಂತ. ಇಲ್ಲಿ ಮಗು ಮಲಗಬೇಕಾದರೆ ತಾಯಿ ನೇಯಬೇಕು. ಕಾಲು ನಿಂತರೆ ಜೋಲಿ ನಿಲ್ಲುತ್ತದೆ, ಜೋಲಿ ನಿಂತರೆ ಮಗು ಏಳುತ್ತದೆ. ಎದ್ದ ಮಗುವನ್ನು ಎತ್ತಿಕೊಂಡರೆ ಮಲಗುವ ಪ್ರಶ್ನೆಯೇ ಇಲ್ಲ. ಎಳೆಯೊಂದು ತುಂಡಾಗಿ ಅದನ್ನು ಗಂಟುಹಾಕಲು ನಿಲ್ಲಿಸಿದರೂ ಸಾಕು, ಜೋಲಿಯೊಳಗಿಂದ ಮೊದಲು ಒಂದು ಗೊಣಗು, ಆಮೇಲೆ ಕಾಲು ಝಾಡಿಸುವುದು, ಆಮೇಲೆ ಬೀದಿಗೆಲ್ಲ ಕೇಳುವ ಅಳು. ರಾತ್ರಿ ಎಚ್ಚರವಾದಾಗಲೂ ಅದೇ ಪಾಡು. ಬರೀ ಮಗುವನ್ನು ಮಲಗಿಸಲೆಂದು ಅವಳು ಸಣ್ಣ ಬಲ್ಬು ಹಾಕಿಕೊಂಡು ಗುಂಡಿಗೆ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಸೀರೆ ಬೇಗಬೇಗ ಬೆಳೆಯುತ್ತಿತ್ತು. ಇದನ್ನು ಕಂಡು ಮನೆಯವರಿಗೆಲ್ಲ ಖುಷಿ. ಸ್ವರೂಪಳ ಕಣ್ಣ ಕೆಳಗಿನ ಕಪ್ಪೂ ಹಾಗೇ ಬೆಳೆಯುತ್ತಿತ್ತು, ಅದನ್ನು ಯಾರೂ ಅಳೆದು ನೋಡಲಿಲ್ಲ.

ಹಾಗಂತ ಭಿಕ್ಷಪತಿ ಕೆಟ್ಟವನೇನಲ್ಲ. ಅಂಗಳದಲ್ಲಿ ಕೂತು ನೂಲಿಗೆ ಕಟ್ಟು ಕಟ್ಟಿ ಬಣ್ಣಕ್ಕದ್ದುವ ಕೆಲಸ ಅವನದು, ಬೆರಳೆಲ್ಲ ಸದಾ ನೀಲಿ ಕೆಂಪು. ಹೆಂಡತಿಯ ಮುಖ ನೋಡಲಾರದೆ ಒಂದು ಮಧ್ಯಾಹ್ನ ಜೋಲಿಯನ್ನು ತಾನೇ ಕೈಯಿಂದ ತೂಗಿದ. ಸಹಸ್ರ ಕಣ್ಣು ತೆರೆದು, ಇವನ್ಯಾರು ನನ್ನನ್ನು ಏಮಾರಿಸುವವನು ಎಂಬಂತೆ ಅವನನ್ನೇ ನೋಡಿದಳು, ಆಮೇಲೆ ಅತ್ತಳು. ಇನ್ನೊಂದು ದಿನ ಅವನಿಗೆ ಭಾರೀ ಉಪಾಯ ಹೊಳೆಯಿತು. ಮಗ್ಗದ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ಜೋಲಿಯ ಪಕ್ಕ ಇಟ್ಟು, ಹಗ್ಗವನ್ನು ಕೈಯಲ್ಲಿ ಹಿಡಿದು ಎಳೆಯುತ್ತ ಕೂತ. ಮಗುವಿನ ರೆಪ್ಪೆ ಭಾರವಾಗುತ್ತ ಬಂತು. ಸ್ವರೂಪ ಆಗಲೇ ಚಾಪೆ ಬಿಡಿಸಿದ್ದಳು. ಅಷ್ಟರಲ್ಲಿ ಬಣ್ಣದ ಅಂಗಡಿಯವನ ಫೋನು ಬಂದು ಮೊಬೈಲು ಗಂಟಲು ಹರಿದುಕೊಂಡು ಹಾಡಿತು. ಮಗುವೂ ಹಾಡಿತು. ಆವತ್ತಿನಿಂದ ಮಗು ಮೊಬೈಲು ಕಂಡರೇ ಮುಖ ಕಿವುಚುತ್ತಿತ್ತು.

ಎದುರುಮನೆಯ ಪುಷ್ಪಲೀಲಾ ಒಂದು ಸಂಜೆ ಬಂದು ಹೊಸ್ತಿಲ ಮೇಲೆ ಕೂತು ಹೇಳಿದಳು, "ಒಂದು ಬೆರಳು ಕಳ್ಳು ನೆಕ್ಕಿಸಿ ಅಂಡಾಲತ್ತೇ. ನಮ್ಮಜ್ಜಿ ಕಾಲದಲ್ಲಿ ಅದೇ ಮದ್ದು. ಮಕ್ಕಳು ಬೆಳಗಿನ ತನಕ ಮಿಸುಕಾಡ್ತಿರಲಿಲ್ಲ."

"ಆ ಕಳ್ಳು ನಂಗೇ ಸಾಲ್ದು ಕಣೇ," ಅಂದಳು ಅಂಡಾಲಮ್ಮ, ತನ್ನ ಸಂಜೆಯ ಲೋಟವನ್ನು ಸೆರಗಿನ ಮರೆಗೆ ಎಳೆದುಕೊಂಡು. "ಅವಳಿಗೆ ಕೊಟ್ರೆ ಅವಳೊಬ್ಳು ಮಲಗ್ತಾಳೆ. ನಾನು ಕುಡಿದ್ರೆ ನಾನಾದ್ರೂ ಮಲಗ್ತೀನಿ. ಎರಡೂ ಒಂದೇ ಅಲ್ವಾ?"

ಅಂಡಾಲಮ್ಮ ಮಲಗುತ್ತಿದ್ದಳು ನಿಜ. ಮದುವೆಯಾಗಿ ಬಂದ ಹೊಸದರಲ್ಲಿ ಸ್ವರೂಪ ಒಂದು ವಿಚಿತ್ರ ಕಂಡಿದ್ದಳು. ಅತ್ತೆಗೆ ಮೊಣಕಾಲು ಹೋಗಿ ವರ್ಷಗಳಾಗಿದ್ದವು, ಮಗ್ಗದ ಗುಂಡಿಗೆ ಇಳಿಯುವುದನ್ನು ಬಿಟ್ಟು ಅಂಗಳದಲ್ಲಿ ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಆದರೆ ನಿದ್ದೆಯಲ್ಲಿ ಅವಳ ಪಾದ ಸುಮ್ಮನಿರುತ್ತಿರಲಿಲ್ಲ. ಹೊದಿಕೆಯೊಳಗೆ ಬಲಗಾಲು ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು. ಆಗ ಸ್ವರೂಪ ಗಂಡನನ್ನು ತಿವಿದು ತೋರಿಸಿ ನಕ್ಕಿದ್ದಳು. ಈಗ ಅದು ನೆನಪಾದರೆ ನಗು ಬರುತ್ತಿರಲಿಲ್ಲ, ಹೆದರಿಕೆಯಾಗುತ್ತಿತ್ತು. ನಾನೂ ಹೀಗೇ ಆಗುತ್ತೇನೆ, ಮಗು ಬೆಳೆದು ಶಾಲೆಗೆ ಹೋದ ಮೇಲೂ ನನಗೆ ನಿದ್ದೆ ಸಿಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಆ ಸಲ ಮಗ್ಗದ ಮೇಲಿದ್ದದ್ದು ಗಿಳಿಯ ಸೀರೆ. ಭಿಕ್ಷಪತಿ ಅಡ್ಡಕ್ಕೆ ಓಡುವ ಹೊಕ್ಕಿನ ನೂಲನ್ನು ಕಟ್ಟಿ ಬಣ್ಣ ಅದ್ದಿ ಕೊಟ್ಟರೆ, ನೇಯುವವರು ಪ್ರತಿ ಎಳೆಯನ್ನೂ ಅಂಚಿನಲ್ಲಿ ಸರಿ ಕೂರಿಸಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಗಿಳಿಯ ರೂಪ ಕೆಡುತ್ತದೆ. ಕಣ್ಣಿನ ಕೆಲಸ ಅದು. ಬಿಸಿಲು ನೆತ್ತಿಯ ಮೇಲಿದ್ದ ಒಂದು ಹೊತ್ತು, ರಾಟೆಗೆ ನೂಲು ಮುಗಿದು ಒಳಗೆ ಬಂದ ಅಂಡಾಲಮ್ಮ ಮಗ್ಗದ ಮೇಲೆ ಬಾಗಿ ಬಟ್ಟೆಯನ್ನು ಬೆರಳಿಂದ ಸವರಿದಳು. ಅವಳ ಬೆರಳು ಒಂದು ಕಡೆ ನಿಂತಿತು.

"ಏನೇ ಇದು? ಈ ಗಿಳಿಗೆ ಎರಡು ಕೊಕ್ಕು!"

ಸ್ವರೂಪ ನೋಡಿದಳು. ಹೌದು, ಒಂದು ಸಾಲಿನ ಗಿಳಿಗಳಿಗೆಲ್ಲ ಕೊಕ್ಕಿನ ಮೇಲೆ ಕೊಕ್ಕು. ಕಣ್ಣು ಇರಬೇಕಾದಲ್ಲಿ ಕೆಂಪು ಗೆರೆ. ಅದನ್ನು ನೇಯ್ದದ್ದೇ ಅವಳಿಗೆ ನೆನಪಿರಲಿಲ್ಲ.

"ಒಂದು ಕೊಕ್ಕು ತಿನ್ನೋಕೆ, ಇನ್ನೊಂದು ಅತ್ತೇನ ಬೈಯ್ಯೋಕಾ?" ಅಂಡಾಲಮ್ಮನ ದನಿ ಏರಿತು, ಜೋಲಿಯ ಕಡೆ ನೋಡಿ ಇಳಿಯಿತು. "ನೂಲು ಕೊಡೋ ಸಾವುಕಾರ ಇದನ್ನ ಕಂಡ್ರೆ ಮುಖಕ್ಕೆ ಎಸೀತಾನೆ. ಎಲ್ಲಿತ್ತೇ ನಿನ್ನ ಕಣ್ಣು?"

"ಮುಚ್ಚಿತ್ತು ಅತ್ತೇ."

"ಹಾಂ?"

"ನಿದ್ದೆ ಬಂದುಬಿಟ್ಟಿತ್ತು. ಗೊತ್ತೇ ಆಗ್ಲಿಲ್ಲ."

ಅಂಡಾಲಮ್ಮ ಜೋಲಿಯೊಳಗೆ ಇಣುಕಿದಳು. "ಮಗು ಅಳಲಿಲ್ವಲ್ಲ?"

"ಇಲ್ಲ."

"ಹಂಗಾದ್ರೆ ಕಾಲು?"

"ಕಾಲು ತುಳೀತಾನೇ ಇತ್ತು," ಅಂದಳು ಸ್ವರೂಪ. ಹೇಳುತ್ತಿದ್ದಾಗಲೂ ಅವಳ ಕಾಲು ತುಳಿಯುತ್ತಿತ್ತು.

ಸ್ವರೂಪ ಬೈಗುಳಕ್ಕೆ ಬೆನ್ನು ಕೊಟ್ಟು ಕಾದಳು. ಬೈಗುಳ ಬರಲಿಲ್ಲ. ಅತ್ತೆ ಗುಂಡಿಯ ಪಕ್ಕ ಕುಕ್ಕರಿಸಲು ಹೋಗಿ, ಮೊಣಕಾಲು ಒಪ್ಪದೆ ಕಾಲು ನೀಡಿ ಕೂತು, ಕೆಟ್ಟ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಸಂಜೆಯ ಕಳ್ಳಿನ ಹೊತ್ತು ಮೀರಿದರೂ ಏಳಲಿಲ್ಲ. ಬಿಡಿಸುವವಳು ಅವಳು, ಖಾಲಿ ತುಳಿತ ತುಳಿಯುವವಳು ಸೊಸೆ, ಮಲಗಿದ್ದವಳು ಮೊಮ್ಮಗಳು.

ಗಿಳಿಗಳು ಸರಿಯಾದವು. ಆದರೆ ಮಗ್ಗಕ್ಕೆ ಏರಿಸಿದ ಉದ್ದೆಳೆಗಳ ಹಾಸು ಮುಗಿಯುತ್ತ ಬಂದಿತ್ತು. ನೇಕಾರರ ಮನೆಯಲ್ಲಿ ಹಾಸು ಮುಗಿಯುವುದೆಂದರೆ ಒಂದು ಸಂಭ್ರಮ, ಆ ದಿನ ಅಕ್ಕಿಹಿಟ್ಟಿನ ಸರ್ವಪಿಂಡಿ ರೊಟ್ಟಿ ತಟ್ಟುತ್ತಾರೆ, ಕೈಕಾಲಿಗೆ ಬಿಡುವು. ಸ್ವರೂಪಳಿಗೆ ಮಾತ್ರ ದಿಗಿಲು. ಹಳೆಯ ಹಾಸಿನ ತುದಿಗಳು ಹಣಿಗೆಯಲ್ಲಿ ಹಾಗೇ ನೇತಾಡುತ್ತಿರುತ್ತವೆ, ಹೊಸ ಹಾಸಿನ ಎಳೆಗಳನ್ನು ಅವಕ್ಕೆ ಒಂದೊಂದಾಗಿ ಸೇರಿಸುವವರೆಗೆ ಮಗ್ಗ ಮುಟ್ಟುವಂತಿಲ್ಲ. ಖಾಲಿ ಮಗ್ಗ ತುಳಿದರೆ ಆ ತುದಿಗಳು ಜಾರಿ ಉದುರುತ್ತವೆ, ಆಮೇಲೆ ಸಾವಿರಾರು ಎಳೆಗಳನ್ನು ಮೊದಲಿನಿಂದ ಪೋಣಿಸಬೇಕು. "ಹಾಸಿಲ್ಲದ ಮಗ್ಗ ತುಳಿಯೋ ಮನೆ ಉದ್ಧಾರ ಆಗಲ್ಲ" ಎಂದು ಅಂಡಾಲಮ್ಮ ಮದುವೆಯಾದ ಮರುದಿನವೇ ಸೊಸೆಗೆ ಹೇಳಿಕೊಟ್ಟಿದ್ದಳು. ಹಿಂದಿನ ಸಲ ಹಾಸು ಬದಲಾಗುವವರೆಗೆ ಸಹಸ್ರ ಅತ್ತದ್ದನ್ನು ಬೀದಿ ಇನ್ನೂ ಮರೆತಿರಲಿಲ್ಲ. ಆ ದಿನಗಳನ್ನು ಸ್ವರೂಪ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಡೆದೇ ಕಳೆದಿದ್ದಳು. ಆಗ ಮಗು ಹಗುರವಿತ್ತು, ಅವಳಲ್ಲಿ ತ್ರಾಣವೂ ಇತ್ತು. ಈಗ ಮಗುವಿಗೆ ಐದು ತಿಂಗಳು ತುಂಬಿತ್ತು, ತ್ರಾಣ ಎಲ್ಲಿ ಹೋಯಿತೋ ಅವಳಿಗೇ ತಿಳಿಯದು.

ಸೀರೆ ಕತ್ತರಿಸಿದ ದಿನ ಭಿಕ್ಷಪತಿ ಅದನ್ನು ಮಡಚಿ ಹೆಗಲಿಗೇರಿಸಿಕೊಂಡು, ಸಾವುಕಾರನಿಗೆ ಕೊಟ್ಟು ಹೊಸ ಹಾಸು ತರುತ್ತೇನೆಂದು ಬೆಳಿಗ್ಗೆಯೇ ಹೊರಟ. ಹೊರಡುವಾಗ ಹೆಂಡತಿಯನ್ನು ನೋಡಿ, "ಇವತ್ತು ನೇಯೋದಿಲ್ವಲ್ಲ, ಆರಾಮಾಗಿರು," ಅಂದ. ಪಾಪ, ಪ್ರೀತಿಯಿಂದಲೇ ಅಂದ. ಸ್ವರೂಪಳಿಗೆ ಕೈಯಲ್ಲಿದ್ದ ಚೊಂಬನ್ನು ಎಸೆಯುವಷ್ಟು ಸಿಟ್ಟು ಬಂತು, ಎಸೆಯಲೂ ತೋಳಿನಲ್ಲಿ ಬಲವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಹಸ್ರ ಅಳು ಹಿಡಿದಳು. ಹಾಲು ಕುಡಿಯಲೊಲ್ಲಳು, ಜೋಲಿಯಲ್ಲಿ ಹಾಕಿದರೆ ಬೆನ್ನು ಬಿಲ್ಲಿನಂತೆ ಬಗ್ಗಿಸುವಳು. ನಿದ್ದೆಯೇನೋ ಬಂದಿತ್ತು, ಕಣ್ಣುಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದಳು. ಆ ನಿದ್ದೆಯೊಳಕ್ಕೆ ಹೋಗುವ ದಾರಿ ಮಾತ್ರ ಅವಳಿಗೆ ತಿಳಿಯದು. ಸ್ವರೂಪ ಅವಳನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ನಡೆದಳು. ಗೋಡೆಯ ಮೇಲಿನ ಕ್ಯಾಲೆಂಡರು, ಒಲೆ, ಕ್ಯಾಲೆಂಡರು, ಒಲೆ. ಒಂದು ಸಲ ಕ್ಯಾಲೆಂಡರು ಕಾಣಲಿಲ್ಲ. ಹಣೆ ಏನಕ್ಕೋ ಬಡಿಯಿತು. ಕಣ್ಣು ಬಿಟ್ಟರೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ತೋಳು ಸಡಿಲಾಗಿ ಮಗು ಎದೆಯಿಂದ ಸೊಂಟದವರೆಗೆ ಜಾರಿತ್ತು. ಅವಳು ಮಗುವನ್ನು ಬಾಚಿ ಅಪ್ಪಿಕೊಂಡಳು. ನಡೆಯುತ್ತ ನಡೆಯುತ್ತಲೇ ನಿದ್ದೆಹೋಗಿದ್ದಳು. ಇನ್ನೊಂದು ಗಳಿಗೆಯಾಗಿದ್ದರೆ ಮಗು ಕೈಯಿಂದ ಬೀಳುತ್ತಿತ್ತು.

ಅಂಗಳದಲ್ಲಿ ರಾಟೆ ನಿಂತಿತು. ಅಂಡಾಲಮ್ಮ ಅದನ್ನು ನೋಡಿಬಿಟ್ಟಿದ್ದಳು. ಗೋಡೆ ಹಿಡಿದುಕೊಂಡು ಎದ್ದು ಒಳಗೆ ಬಂದಳು.

"ಇಲ್ಲಿ ಕೊಡು."

"ಬೇಡ ಅತ್ತೇ, ನಿಮ್ಮ ಮೊಣಕಾಲು—"

"ಮೊಣಕಾಲು ನಂದು ಕಣೇ, ನಿನ್ನ ತವರಿಂದ ತಂದಿದ್ದಲ್ಲ. ಕೊಡು ಅಂದೆ."

ಅರಚುತ್ತಿದ್ದ ಮೊಮ್ಮಗಳನ್ನು ಜೋಲಿಗೆ ಹಾಕಿ, ಅಂಡಾಲಮ್ಮ ಮಗ್ಗದ ಕಂಬ ಹಿಡಿದಳು. ಸೊಸೆ ನೋಡನೋಡುತ್ತಿದ್ದಂತೆ, ದೇವರನ್ನೂ ಮೊಣಕಾಲನ್ನೂ ಸತ್ತ ಗಂಡನನ್ನೂ ಒಂದೇ ಉಸಿರಿನಲ್ಲಿ ಬೈಯುತ್ತ, ಗುಂಡಿಯ ಅಂಚಿನಲ್ಲಿ ಕೂತು ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗೆ ಇಳಿಸಿದಳು.

"ಅತ್ತೇ! ಹಾಸಿಲ್ಲ! ತುದಿಯೆಲ್ಲ ಜಾರುತ್ತೆ!"

"ನಂಗೆ ಕಣ್ಣಿಲ್ವಾ? ಮಗ್ಗ ನೋಡ್ತಾ ನೋಡ್ತಾ ತಲೆಗೂದಲು ಬೆಳ್ಳಗಾಗಿದೆ. ನೀನು ಹೋಗಿ ಮಲಕ್ಕೋ."

"ಅವರು ಬಂದ್ರೆ ಏನಂತಾರೆ?"

"ಅವನು ನಿಂಗೆ ಗಂಡ, ನಂಗೆ ಮಗ. ಮಲಕ್ಕೋ ಅಂದ್ನಲ್ಲ!"

ಬಲಗಾಲು ಒತ್ತಿತು, ಎಡಗಾಲು ಒತ್ತಿತು. ಹಾಸಿಲ್ಲದ ಮಗ್ಗದ ಸದ್ದೇ ಬೇರೆ, ಬಡಿತದಲ್ಲಿ ತಿರುಳಿಲ್ಲ. ಲಾಳಿ ಓಡುವ ಹಾಗೂ ಇರಲಿಲ್ಲ. ಜೋಲಿ ಆಡಿದರೂ ಮಗುವಿಗೆ ಏನೋ ಕಡಿಮೆ ಎನಿಸಿ ಅಳು ಮುಂದುವರಿಯಿತು. ಅಂಡಾಲಮ್ಮ ಒಂದು ಕ್ಷಣ ಯೋಚಿಸಿ, ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಟಕ್ಕೆಂದು ಲಾಳಿಯ ಸದ್ದು ತೆಗೆದಳು. ಹಣಿಗೆಯನ್ನು ಎಳೆದು ಢಬ್ಬೆನ್ನಿಸಿದಳು. ಟಕ್, ಢಬ್. ಟಕ್, ಢಬ್. ಹಲ್ಲಿಲ್ಲದ ಬಾಯಿಯ ಲಾಳಿ ಚೆನ್ನಾಗಿಯೇ ಓಡಿತು. ಮಗುವಿನ ಅಳು ಮಧ್ಯದಲ್ಲಿ ಮರೆತುಹೋದಂತೆ ನಿಂತಿತು.

ಸ್ವರೂಪ ಗೋಡೆಯ ಬದಿಯ ಚಾಪೆಯ ಮೇಲೆ ಸ್ವಲ್ಪ ಒರಗಿದಳು. ಅತ್ತೆಯ ಕಾಲು ಸೋಲುವ ಮೊದಲು ಏಳಬೇಕು, ಅವರನ್ನು ಎಬ್ಬಿಸಿ ನಾನು ಕೂರಬೇಕು ಎಂದುಕೊಂಡಳು. ಆ ಯೋಚನೆ ಪೂರ್ತಿಯಾಗಲಿಲ್ಲ.

ಎಚ್ಚರವಾದಾಗ ಮೊದಲು ಕಿವಿಗೆ ಬಿದ್ದದ್ದು ನಿಶ್ಶಬ್ದ. ಆ ಮನೆಯಲ್ಲಿ ನಿಶ್ಶಬ್ದದ ಹಿಂದೆಯೇ ಅಳು ಬರುತ್ತದೆ. ಅವಳು ಉಸಿರು ಬಿಗಿಹಿಡಿದು ಅದಕ್ಕಾಗಿ ಕಾದಳು. ಅಳು ಬರಲಿಲ್ಲ. ಬಾಗಿಲ ಬಿಸಿಲು ಗೋಡೆ ಹತ್ತಿ ಹಳದಿಯಾಗಿತ್ತು. ರೆಪ್ಪೆಯ ಸಂದಿಯಿಂದ ನೋಡಿದಳು. ಜೋಲಿ ಅಲ್ಲಾಡದೆ ನಿಂತಿತ್ತು, ಅದರ ಅಂಚಿನಿಂದ ಒಂದು ಪುಟ್ಟ ಪಾದ ಹೊರಗೆ ಬಿದ್ದು ಸಡಿಲವಾಗಿ ನೇತಾಡುತ್ತಿತ್ತು. ಗುಂಡಿಯ ಪಕ್ಕದ ನೆಲದ ಮೇಲೆ ಅಂಡಾಲಮ್ಮ ಎರಡೂ ಕಾಲು ನೀಡಿ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು. ಹಗ್ಗ ಅವಳ ಮಡಿಲಲ್ಲಿ ಸುರುಳಿಯಾಗಿ ಬಿದ್ದಿತ್ತು.

ಅಷ್ಟರಲ್ಲಿ ಭಿಕ್ಷಪತಿ ಬಂದ. ಹಾಸಿನ ಸುರುಳಿಯನ್ನು ಇಳಿಸಿ, ಬೆವರೊರೆಸಿಕೊಂಡು ಮಗ್ಗದ ಕಡೆ ತಿರುಗಿದವನು ಅಲ್ಲೇ ನಿಂತುಬಿಟ್ಟ. ಹಣಿಗೆಯ ಅರ್ಧ ಭಾಗ ಬರಿದಾಗಿತ್ತು. ಕೆಳಗೆ ಗುಂಡಿಯಲ್ಲಿ ಎಳೆಗಳ ರಾಶಿ.

"ಯಾರು ತುಳಿದಿದ್ದು ಇದನ್ನ?" ಅವನ ದನಿ ಏರಿತು. "ಇವಳಿಗೇನು ಬುದ್ಧಿ ಇಲ್ವಾ, ಖಾಲಿ ಮಗ್ಗ—"

"ನಾನು," ಅಂದಳು ಅಂಡಾಲಮ್ಮ.

"ನೀನಾ? ನಿಂಗೆ ಗೊತ್ತಿರ್ಲಿಲ್ವೇನಮ್ಮಾ, ಜಾರುತ್ತೆ ಅಂತ?"

"ಗೊತ್ತಿತ್ತು."

"ಗೊತ್ತಿದ್ದೂ ಗೊತ್ತಿದ್ದೂ—ಮತ್ತೆ ಮೊದಲಿಂದ ಪೋಣಿಸ್ಬೇಕಲ್ಲಮ್ಮಾ!"

"ಪೋಣಿಸೋಣ. ನನ್ನ ಕೈಯೇನು ಬಿದ್ದುಹೋಗಿದ್ಯಾ? ನಿನ್ನ ಕೈಯಿದೆ, ನನ್ನ ಕೈಯಿದೆ." ಅವಳು ಹಗ್ಗವನ್ನು ಬೆರಳಿಗೆ ಸುತ್ತಿಕೊಂಡಳು. "ಕಾಲು ನೋಯ್ತು, ನಿಧಾನ ಮಾಡ್ದೆ. ಎದ್ದಾಳು ಅಂತ ನೋಡ್ದೆ, ಏಳಲಿಲ್ಲ. ಇನ್ನೂ ನಿಧಾನ ಮಾಡ್ದೆ. ನಿಲ್ಲಿಸ್ದೆ. ಆಗ್ಲೂ ಏಳಲಿಲ್ಲ ನಿನ್ನ ಮಗಳು. ಹಗ್ಗ ಬಿಚ್ಚಿಬಿಟ್ಟೆ. ಇನ್ನು ಇದನ್ನ ಕಟ್ಟೋದು ಬೇಡ."

"ನೀನೇ ತಾನೆ ಕಟ್ಟಿದ್ದು?"

"ಕಟ್ಟಿದ್ದೆ. ನಿನ್ನನ್ನೂ ಹಿಂಗೇ ಕಟ್ಟಿ ಮಲಗಿಸಿದ್ದೆ. ನೇಯ್ತಾ ನೇಯ್ತಾ ತೂಕಡಿಸಿ ಒಂದ್ಸಲ ಸೀರೇಲಿದ್ದ ಆನೆ ಸೊಂಡಿಲು ತಪ್ಪಿಸಿದ್ದೆ, ಬೀದಿಯೆಲ್ಲ ಬಂದು ನೋಡಿ ನಕ್ರು. ಏಳು, ಸ್ವಲ್ಪ ಹೊತ್ತು ನಾನು ತುಳೀತೀನಿ ಅಂತ ಒಬ್ರೂ ಅನ್ಲಿಲ್ಲ."

ಮಾತು ತೋಚದಿದ್ದಾಗ ಗಂಡಸರು ಮಾಡುವಂತೆ ಭಿಕ್ಷಪತಿ ಮತ್ತೆ ಮೊದಲಿನ ಮಾತಿಗೇ ಹೋದ. "ಅದೆಲ್ಲ ಸರಿ, ಆದ್ರೆ ಇಷ್ಟೊಂದು ಎಳೆ—"

"ಮೆಲ್ಲಗೆ ಮಾತಾಡೋ."

ಅವನು ಗಾಬರಿಯಾಗಿ ಜೋಲಿಯ ಕಡೆ ನೋಡಿ ದನಿ ತಗ್ಗಿಸಿದ. "ಮಗು ಏಳುತ್ತಾ?"

"ಮಗು ಅಲ್ಲ ಕಣೋ," ಅಂದಳು ಅಂಡಾಲಮ್ಮ. "ಸ್ವರೂಪ ಮಲಗಿದ್ದಾಳೆ."

ಸ್ವರೂಪ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಕಣ್ಣೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಂಡರೆ ಎಚ್ಚರವಿರುವುದು ಅವರಿಗೆ ತಿಳಿದೀತೆಂದು ಹಾಗೇ ಬಿಟ್ಟಳು. ಗಂಡ ತುದಿಗಾಲಲ್ಲಿ ಅಂಗಳಕ್ಕೆ ಹೋದದ್ದು ಕೇಳಿಸಿತು, ಅತ್ತೆ ಸದ್ದಾಗದಂತೆ ಬಾಗಿಲು ಎಳೆದದ್ದು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ.